ಜಿಪ್ಪಿನ ಪುಟಕ್ಕೆ ಅಂಟಿದ ಚೀಟಿ

"ಇಲ್ಲಿ ಕತ್ತರಿ ಅಂದ್ರೆ ಯಾರು?"

ಬಾಗಿಲಲ್ಲೇ ನಿಂತು ಅವಳು ಕೇಳಿದ ರೀತಿಗೆ ಗ್ರಂಥಾಲಯದ ಮಹಡಿ ಕೋಣೆ ಗಪ್‌ಚುಪ್ ಆಯಿತು. ಕುರ್ಚಿ ಎಳೆಯುತ್ತಿದ್ದವರು ಅಲ್ಲೇ ನಿಂತರು. ಮೇಜಿನ ಕೆಳಗೆ ಪ್ಲಗ್ ಹುಡುಕುತ್ತಿದ್ದವರು ಅಲ್ಲಿಂದಲೇ ಇಣುಕಿದರು. ಭಾನುವಾರ ಬೆಳಗ್ಗೆ ಬಿಟ್ಟಿ ಕೆಲಸಕ್ಕೆ ಅಂತ ಬಂದ ಜನ, ಇಂಥ ಮಜಾ ಯಾರಿಗೆ ಬೇಡ?

ಕಿಟಕಿಯ ಪಕ್ಕ ಚಹಾದ ಲೋಟ ಹಿಡಿದಿದ್ದ ಎತ್ತರದ ಮನುಷ್ಯನೊಬ್ಬ ಮೆಲ್ಲಗೆ ಕೈ ಎತ್ತಿದ. ಬಾಯಿ ತುಂಬ ಬಿಸ್ಕೆಟ್!

'ಇವನಾ?' ಅವಳಿಗೆ ಒಂದು ಕ್ಷಣ ತಬ್ಬಿಬ್ಬು. ಕತ್ತರಿ ಅಂದರೆ ಚೂಪು ಮೂಗಿನ, ಕನ್ನಡಕದ ಮೇಲಿನಿಂದ ನೋಡುವ ಯಾರೋ ಇರಬೇಕು ಅಂದುಕೊಂಡಿದ್ದಳು. ಈ ಮನುಷ್ಯನನ್ನು ನೋಡಿದರೆ ಇರುವೆಗೂ ದಾರಿ ಬಿಟ್ಟು ನಡೆಯುವವನ ಹಾಗಿದ್ದ.

ಇರಲಿ. ಬೈಯಬೇಕು ಅಂತ ಬಂದಾಗಿದೆ, ಬೈದೇ ಹೋಗುವುದು!

"ಜಿಪ್ಪಿನ ಪುಟಕ್ಕೆ 'ಧೂಳು ಹಿಡಿದಿದೆ' ಅಂತ ಚೀಟಿ ಅಂಟಿಸ್ತಾ ಇರೋದು ನೀವೇ ತಾನೇ? ಒಂದು ಸಲ ಅಲ್ಲ, ಎರಡು ಸಲ ಅಲ್ಲ... ಪ್ರತಿ ತಿಂಗಳೂ! ಆ ಪುಟ ನಿಮಗೇನು ಮಾಡಿದೆ?"

"ಅದು..." ಬಿಸ್ಕೆಟ್ ಅಡ್ಡ ಬಂತು. ಕೆಮ್ಮಿದ.

"ಅದನ್ನ ಬರೆದಿದ್ದು ನಮ್ಮಪ್ಪ!"

ಕೆಮ್ಮು ನಿಂತಿತು. ಲೋಟವನ್ನು ಕಿಟಕಿಯ ಮೇಲಿಟ್ಟು ಅವಳನ್ನೇ ನೋಡಿದ. ಬೈಸಿಕೊಂಡವರು ಹೀಗೆ ನೋಡುವುದಿಲ್ಲ. ಎಷ್ಟೋ ದಿನದಿಂದ ಕಾಯುತ್ತಿದ್ದವರು ಕೊನೆಗೂ ಬಂದಾಗ ನೋಡುತ್ತಾರಲ್ಲ, ಹಾಗೆ ನೋಡಿದ.

"ನೀವು... ಸೂಜಿಯವರ ಮಗಳಾ?"

ಅವಳ ಕೋಪಕ್ಕೆ ಎಲ್ಲಿಂದಲೋ ಒಂದು ಸಣ್ಣ ಕುತೂಹಲ ಬಂದು ಅಂಟಿಕೊಂಡಿತು. ಅಂಟಿದ್ದು ಮತ್ತೆ ಬಿಡಲೇ ಇಲ್ಲ ಅನ್ನಿ!

ಕತ್ತರಿ, ಸೂಜಿ ಅಂತ ನಿಮಗೆ ತಲೆ ಕೆಡುವ ಮೊದಲು ಹೇಳಿಬಿಡುತ್ತೇನೆ. ಮನೆಯ ಸಾಮಾನು ಕೆಟ್ಟರೆ ರಿಪೇರಿ ಹೇಗೆ ಅಂತ ತಿಳಿಸುವ ಒಂದು ವಿಕಿ ಜಾಲತಾಣ ಇದೆ. ಯಾರು ಬೇಕಾದರೂ ಬರೆಯಬಹುದು, ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಿದ್ದಬಹುದು. ಸಂಬಳವಿಲ್ಲ, ಸನ್ಮಾನವಿಲ್ಲ. ಬರೆಯುವವರು ಸ್ವಂತ ಹೆಸರು ಬಿಟ್ಟು ಒಂದು ಸಲಕರಣೆಯ ಹೆಸರು ಇಟ್ಟುಕೊಳ್ಳುವುದು ಅಲ್ಲಿನ ರೂಢಿ. ವರ್ಷಗಟ್ಟಲೆ ಮುಖ ನೋಡದೆ ಜಗಳವಾಡಿದ್ದ ಸುತ್ತಿಗೆ ಮತ್ತು ಮೊಳೆ ಇವತ್ತು ಮೊದಲ ಸಲ ಅಕ್ಕಪಕ್ಕ ಕೂತಿದ್ದರು!

ಅವಳ ಅಪ್ಪ ಅಲ್ಲಿ 'ಸೂಜಿ'. ಚೀಲ, ಸೂಟ್‌ಕೇಸ್ ರಿಪೇರಿಯ ಅಂಗಡಿ ಇಟ್ಟಿದ್ದವರು. ಅಪ್ಪನದು ಜಿಪ್ಪಿನ ಹಲ್ಲು, ಮಗಳದು ಮನುಷ್ಯರ ಹಲ್ಲು. ದಂತ ಕ್ಲಿನಿಕ್ಕಿನಲ್ಲಿ ಡಾಕ್ಟರ ಪಕ್ಕ ನಿಂತು ದೀಪ ಹಿಡಿಯುವ, ಕೊಳವೆ ಹಿಡಿಯುವ, ಹೆದರಿದವರ ಕೈ ಹಿಡಿಯುವ ಕೆಲಸ ಅವಳದು.

ಅಪ್ಪ ತೀರಿಕೊಂಡು ಎರಡನೆಯ ವರ್ಷದಲ್ಲಿ ಅಕಸ್ಮಾತ್ತಾಗಿ ಆ ಪುಟ ಅವಳ ಕಣ್ಣಿಗೆ ಬಿತ್ತು. ಓದಿದರೆ ಅಪ್ಪನೇ ಎದುರು ಕೂತು ಮಾತಾಡಿದ ಹಾಗೆ! ಆವತ್ತೇ 'ಚಿಮುಟ' ಅಂತ ಹೆಸರಿಟ್ಟುಕೊಂಡು ವಿಕಿಗೆ ಸೇರಿದಳು.

ಪುಟದ ಕೊನೆಯಲ್ಲಿ ಒಂದು ತಲೆಬರಹವಿತ್ತು. 'ರನ್ನರ್ ಪೂರ್ತಿ ಕಳಚಿ ಬಂದರೆ'. ರನ್ನರ್ ಅಂದರೆ ಜಿಪ್ಪನ್ನು ಮುಚ್ಚಿ ತೆರೆಯಲು ನಾವು ಎಳೆಯುತ್ತೇವಲ್ಲ, ಆ ಪುಟ್ಟ ಲೋಹದ ತುಂಡು. ತಲೆಬರಹದ ಕೆಳಗೆ ಇದ್ದದ್ದು ಎರಡೇ ಪದ.

'ನಾಳೆ ಬರೆಯುತ್ತೇನೆ.'

ಆ ನಾಳೆ ಬರಲಿಲ್ಲ.

"ಆಯ್ತು, ಕೂತ್ಕೊಳ್ರಪ್ಪಾ!" ಚಪ್ಪಾಳೆ ತಟ್ಟಿದವರು ದೊಡ್ಡಮ್ಮ. ವಿಕಿ ಶುರು ಮಾಡಿದವರು, ಇದೇ ಗ್ರಂಥಾಲಯವನ್ನು ನೋಡಿಕೊಳ್ಳುವವರು. ಅವರನ್ನು ಎಲ್ಲರೂ ಕರೆಯುವುದೇ ದೊಡ್ಡಮ್ಮ ಅಂತ. "ಜಗಳ ಆಮೇಲೆ ಆಡಿ. ಒಬ್ಬರು 'ಮಾಡಿ' ಅಂತಾರೆ, ಒಬ್ಬರು 'ಮಾಡತಕ್ಕದ್ದು' ಅಂತಾರೆ, ಒಬ್ಬರು ತಾತನ ಕಾಲದ ಕಥೆ ಹೇಳ್ತಾರೆ. ಎಲ್ಲಾ ಪುಟಕ್ಕೂ ಒಂದು ಶೈಲಿ ಬೇಕೋ ಬೇಡ್ವೋ? ಕತ್ತರಿ, ನೀನು ಹೇಳು."

ಅವನು ಎದ್ದು ನಿಂತ.

"ಚಿಕ್ಕ ವಾಕ್ಯ. ಒಂದು ಸಾಲಿಗೆ ಒಂದು ಕೆಲಸ. ಹರಟೆ ಬೇಡ." ಮುಗಿಯಿತೇನೋ ಅಂದುಕೊಳ್ಳುವಷ್ಟರಲ್ಲಿ ಕಷ್ಟಪಟ್ಟು ಮುಂದುವರಿಸಿದ. "ನಾನು ಲಿಫ್ಟ್ ರಿಪೇರಿಯವನು. ಒಳಗೆ ಸಿಕ್ಕಿಹಾಕಿಕೊಂಡವರ ಹತ್ತಿರ ಫೋನಲ್ಲಿ ಮಾತಾಡ್ತೀನಿ. ಭಯದಲ್ಲಿ ಇರೋರಿಗೆ ಉದ್ದ ಮಾತು ಕೇಳ್ಸಲ್ಲ. 'ಬಾಗಿಲು ಮುಟ್ಟಬೇಡಿ. ಕೂತ್ಕೊಳ್ಳಿ. ಬರ್ತಿದ್ದೀನಿ.' ಅಷ್ಟೇ ಸಾಕು. ನಲ್ಲಿ ಒಡೆದು ಮನೆಯೆಲ್ಲ ನೀರಾಗ್ತಿರೋವಾಗ ಯಾರಿಗೆ ಪುರಾಣ ಬೇಕು?"

ಕೋಣೆ ತಲೆದೂಗಿತು. ಅವಳಿಗೂ ಒಳಗೊಳಗೆ ಹೌದೆನ್ನಿಸಿತು! ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

"ನಮ್ಮಪ್ಪನ ಮೊದಲ ಸಾಲು ಕೇಳಿ." ಅವಳು ಫೋನ್ ತೆಗೆದು ಓದಿದಳು. "'ಮೊದಲು ಜಿಪ್ಪಿಗೆ ಬೈಯುವುದನ್ನು ನಿಲ್ಲಿಸಿ. ಹೊಟ್ಟೆ ಬೆಳೆಸಿದ್ದು ನೀವು, ಅದಲ್ಲ.' ಇದನ್ನ ಓದಿದ್ರೆ ನಗು ಬರುತ್ತೆ. ನಗು ಬಂದ್ರೆ ಕೈ ನಿಧಾನ ಆಗುತ್ತೆ. ಕೈ ನಿಧಾನ ಆದ್ರೆ ಜಿಪ್ಪು ಹರಿಯಲ್ಲ. ಇದು ಹರಟೆ ಅಲ್ಲ ಸ್ವಾಮಿ, ಇದೂ ರಿಪೇರಿನೇ!"

ನಕ್ಕವರಲ್ಲಿ ಎಲ್ಲರಿಗಿಂತ ಮೊದಲು ನಕ್ಕವನು ಕತ್ತರಿ. ಆ ಸಾಲು ಗೊತ್ತಿದ್ದವನ ಹಾಗೆ, ಅವಳು ಓದಿ ಮುಗಿಸುವ ಮೊದಲೇ!

'ಯಾಕೆ ನಗ್ತಾನೆ? ಧೂಳು ಅಂತ ಚೀಟಿ ಅಂಟಿಸಿದವನಿಗೆ ಇದು ಬಾಯಿಪಾಠ ಬರುತ್ತಾ?'

ವಾದ ಮುಗಿಯಲಿಲ್ಲ. ಶೈಲಿ ಏನು, ಹಳೆಯ ಪುಟಗಳನ್ನು ಯಾರು ನೋಡಿಕೊಳ್ಳಬೇಕು, ಅರ್ಧಂಬರ್ಧ ಪುಟಗಳನ್ನು ತೆಗೆದಿಟ್ಟಿರುವ 'ಅಟ್ಟ'ವನ್ನು ಖಾಲಿ ಮಾಡಿಬಿಡುವುದೋ ಹೇಗೆ, ಎಲ್ಲವನ್ನೂ ದೊಡ್ಡಮ್ಮ ಮುಂದಿನ ಭಾನುವಾರಕ್ಕೆ ಹಾಕಿದರು.

ಮೆಟ್ಟಿಲ ಹತ್ತಿರ ಅವನು ಹಿಂದೆ ಬಂದ. "ಆ ಚೀಟಿ..."

"ಮಾತೇ ಬೇಡ!" ಅಂದು ಅವಳು ದಡದಡ ಇಳಿದು ಹೋದಳು.

ಮನೆಗೆ ಬಂದು ನೋಡಿದರೆ ವಿಕಿಯಲ್ಲಿ ಅವಳ ಹೆಸರಿಗೆ ಒಂದು ಸಂದೇಶ ಕಾಯುತ್ತಿತ್ತು. ಕತ್ತರಿಯದು. ಒಂದೇ ಪದ.

'ತೆಗೆಯಬೇಡಿ.'

ಮೈಯೆಲ್ಲ ಉರಿದುಹೋಯಿತು! ಅಪ್ಪಣೆ ಕೊಡುವುದಕ್ಕೆ ಇವನ್ಯಾರು? ಅವಳು ನೇರ ಜಿಪ್ಪಿನ ಪುಟಕ್ಕೆ ಹೋಗಿ, ಧೂಳಿನ ಚೀಟಿಯನ್ನು ಕಿತ್ತೇ ಬಿಟ್ಟಳು.

"ಯಾರ ಮೇಲೆ ಹಲ್ಲು ಕಡೀತಿದ್ದೀಯ?" ಬಟ್ಟೆ ಮಡಿಸುತ್ತಿದ್ದ ಅಮ್ಮ ಕೇಳಿದಳು.

"ಯಾರೋ ಕತ್ತರಿ ಅಂತೆ."

"ನೋಡೋಕೆ ಹೇಗಿದ್ದಾನೆ?"

"ಅಮ್ಮಾ! ನಾನು ಏನು ಹೇಳ್ತಿದ್ದೀನಿ, ನೀನು ಏನು ಕೇಳ್ತಿದ್ದೀಯ?"

"ಬೈಯೋವಾಗ ಕಣ್ಣು ಇಷ್ಟು ಹೊಳೆದಿದ್ದು ನಾನು ನೋಡಿರಲಿಲ್ಲ, ಅದಕ್ಕೆ ಕೇಳಿದೆ."

ಮರುದಿನ ಬೆಳಗ್ಗೆ ಕ್ಲಿನಿಕ್ಕಿನಲ್ಲಿ ಮೊದಲ ರೋಗಿ ಬರುವ ಮೊದಲು ದಿನದಂತೆ ಅಪ್ಪನ ಪುಟ ತೆರೆದಳು.

ಪುಟವಿರಲಿಲ್ಲ.

'ಈ ಪುಟವನ್ನು ಅಟ್ಟಕ್ಕೆ ಹಾಕಲಾಗಿದೆ' ಅನ್ನುವ ಒಂದು ಬೂದು ಸಾಲು ಮಾತ್ರ ಇತ್ತು.

ಸಲಕರಣೆ ತೊಳೆಯುವ ಕೋಣೆಗೆ ಓಡಿ ದೊಡ್ಡಮ್ಮನಿಗೆ ಫೋನ್ ಹಚ್ಚಿದಳು. "ಅವನೇ... ಆ ಕತ್ತರಿನೇ ಮಾಡಿದ್ದು ದೊಡ್ಡಮ್ಮಾ! ಅಪ್ಪನ ಪುಟ ಹೋಯ್ತು..."

"ಅಳಬೇಡ ಮರಿ. ಒಂದು ಹೇಳು, ನೀನು ಆ ಚೀಟಿ ಕಿತ್ತೆಯಾ?"

"...ಹೌದು."

ಆ ಕಡೆಯಿಂದ ದೊಡ್ಡ ನಿಟ್ಟುಸಿರು.

"ನಮ್ಮ ವಿಕಿಯಲ್ಲಿ ಒಂದು ಪೊರಕೆ ಇದೆ ಕಣೇ. ತಾನಾಗಿ ಓಡೋ ಪ್ರೋಗ್ರಾಂ. ದಿನಾ ಬೆಳಗ್ಗೆ ಗುಡಿಸುತ್ತೆ. ಬಹಳ ಕಾಲ ಅರ್ಧಕ್ಕೇ ನಿಂತ ಪುಟ ಸಿಕ್ಕರೆ ಎತ್ತಿ ಅಟ್ಟಕ್ಕೆ ಹಾಕುತ್ತೆ. ಆದರೆ ಯಾರಾದ್ರೂ ತಮ್ಮ ಹೆಸರು ಹಾಕಿ ಧೂಳಿನ ಚೀಟಿ ಅಂಟಿಸಿದ್ರೆ ಮುಟ್ಟಲ್ಲ. 'ಧೂಳಿದೆ, ನನಗೆ ಗೊತ್ತು, ನಾನು ನೋಡ್ಕೊಳ್ತಿದ್ದೀನಿ' ಅಂತ ಅದರರ್ಥ. ಚೀಟಿ ಬಾಳೋದು ಒಂದೇ ತಿಂಗಳು. ಅದಕ್ಕೇ ಅವನು ತಿಂಗಳು ತಿಂಗಳೂ..."

ಮುಂದಿನದು ಅವಳಿಗೆ ಕೇಳಿಸಲಿಲ್ಲ. ಕೇಳಿಸುವ ಅಗತ್ಯವೂ ಇರಲಿಲ್ಲ. ಅಪ್ಪನ ಪುಟವನ್ನು ಅಟ್ಟಕ್ಕೆ ಹಾಕಿದ್ದು ಅವಳದೇ ಕೈ!

"ವಾಪಸ್ ತರೋಕೆ ಆಗಲ್ವಾ?" ಅಂದಳು.

"ಅಟ್ಟದಿಂದ ಇಳೀಬೇಕು ಅಂದ್ರೆ ಪುಟ ಪೂರ್ತಿ ಆಗಿರಬೇಕು. ನಿಯಮ ನಿಯಮನೇ, ನಾನೇ ಮಾಡಿದ್ದು. ಭಾನುವಾರ ಅಟ್ಟ ಖಾಲಿ ಮಾಡೋ ಮಾತು ಬೇರೆ ಇದೆ. ಅಷ್ಟರೊಳಗೆ ಆ ಕೊನೇ ಭಾಗ ಬರೆದುಬಿಡು."

ಬರೆದುಬಿಡು! ಎಷ್ಟು ಸುಲಭ...

ಅದೊಂದೇ ಅವಳಿಂದ ಆಗದ ಕೆಲಸ. ಕಳಚಿದ ರನ್ನರ್ ಹಾಕುವಾಗ ಅಪ್ಪ ಕೂಗುತ್ತಿದ್ದರು, "ಬಾ ಮಗಳೇ, ಹಿಡ್ಕೋ!" ಜಿಪ್ಪಿನ ಎರಡು ಪಟ್ಟಿಗಳನ್ನು ಅವಳು ಹಿಡಿಯುತ್ತಿದ್ದಳು. ಅಪ್ಪನ ಬೆರಳು ಏನೋ ಮಾಡುತ್ತಿತ್ತು. ಅವಳ ಕಣ್ಣು ಮಾತ್ರ ಬೀದಿಯ ಮೇಲೆ. ಹಿಡಿಯುವುದು ಗೊತ್ತು, ಹಾಕುವುದು ಗೊತ್ತಿಲ್ಲ. ಅವಳ ಹತ್ತಿರ ಇದ್ದದ್ದು ಅರ್ಧ ವಿದ್ಯೆ.

ಅದಕ್ಕಿಂತ ದೊಡ್ಡ ಒಗಟು ಇನ್ನೊಂದಿತ್ತು. ಗುರುತು ಪರಿಚಯ ಇಲ್ಲದ ಒಬ್ಬ ಮನುಷ್ಯ ಅಪ್ಪನ ಪುಟವನ್ನು ಇಷ್ಟು ದಿನ ಯಾಕೆ ಕಾದ?

ಅವನು ಎಲ್ಲಿ ಸಿಗುತ್ತಾನೆ ಅಂತ ದೊಡ್ಡಮ್ಮನನ್ನೇ ಕೇಳಿಕೊಂಡು ಸಂಜೆ ಆ ಕಟ್ಟಡಕ್ಕೆ ಹೋದಳು. ಲಿಫ್ಟಿನ ಮುಂದೆ 'ಕೆಲಸ ನಡೆಯುತ್ತಿದೆ' ಅನ್ನುವ ಹಲಗೆ, ಪಕ್ಕದ ಮೆಟ್ಟಿಲ ಮೇಲೆ ಗ್ರೀಸ್ ಮೆತ್ತಿದ ಕೈಯ ಅವನು. ಅವಳನ್ನು ಕಂಡು ಎದ್ದು ನಿಂತ.

"ನಂದೇ ತಪ್ಪು," ಅಂದಳು. ಮೂಗಿನ ತುದಿಯ ಕೋಪವೆಲ್ಲ ಕಣ್ಣಿಗೆ ಇಳಿದು ನೀರಾಗಿತ್ತು. "ನೀವು ಕಾಯ್ತಿದ್ರಿ. ನಾನು ಕೆಡಿಸಿದೆ."

"ಇಲ್ಲ. ನಂದು." ಅವನು ತಲೆ ತಗ್ಗಿಸಿದ. "ತೆಗೆಯಬೇಡಿ ಅಂತ ಬರೆದೆ. ಯಾಕೆ ಅಂತ ಬರೀಲಿಲ್ಲ. ಆಮೇಲೆ ಅನ್ನಿಸ್ತು... ಲಿಫ್ಟಲ್ಲಿ ಸಿಕ್ಕಿಕೊಂಡವರಿಗೂ 'ಬರ್ತಿದ್ದೀನಿ' ಅಂತ ಒಂದು ಮಾತು ಸೇರಿಸ್ತೀನಿ. ನಿಮಗೆ ಅದನ್ನೂ ಹೇಳಲಿಲ್ಲ."

"ಅಪ್ಪನ್ನ ನಿಮಗೆ ಹೇಗೆ ಗೊತ್ತು?"

"ನೋಡಿಲ್ಲ. ಬೈಸಿಕೊಂಡಿದ್ದೀನಿ." ಸಣ್ಣಗೆ ನಕ್ಕ. "ವಿಕಿಗೆ ಸೇರಿದ ಹೊಸದರಲ್ಲಿ ಅವರ ಒಂದು ಸಾಲು ಕತ್ತರಿಸಿದೆ. 'ಯಾರಪ್ಪಾ ನೀನು, ಕತ್ತರಿ ಹಿಡ್ಕೊಂಡೇ ಹುಟ್ಟಿದೀಯಾ?' ಅಂತ ಕೇಳಿದ್ರು. ಅದೇ ಹೆಸರು ಇಟ್ಕೊಂಡೆ. ಆಮೇಲೆ ಅವರ ಪುಟದಲ್ಲಿ ಒಂದಕ್ಷರಾನೂ ಮುಟ್ಟಿಲ್ಲ. ನನಗೆ ಮಾತಾಡೋಕೆ ಬರಲ್ಲ... ಅವರು ಮಾತಾಡೋದು ಓದೋಕೆ ಇಷ್ಟ."

ಅಷ್ಟು ಹೊತ್ತಿಗೆ ಅವಳ ಕಣ್ಣು ಮೆಟ್ಟಿಲ ಮೇಲಿದ್ದ ಅವನ ಸಲಕರಣೆಯ ಚೀಲದ ಮೇಲೆ ಬಿದ್ದಿತ್ತು. ಚೀಲದ ಬಾಯಿ ಹಾ ಎಂದು ತೆರೆದಿತ್ತು. ಅದನ್ನು ಹಗ್ಗದಿಂದ ಬಿಗಿದು ಕಟ್ಟಿದ್ದ. ಹಗ್ಗದ ತುದಿಗೆ, ಕಳೆದುಹೋಗದಿರಲಿ ಅಂತ, ಒಂದು ಪುಟ್ಟ ರನ್ನರ್ ನೇತಾಡುತ್ತಿತ್ತು.

"ಇದು..."

"ರನ್ನರ್ ಪೂರ್ತಿ ಕಳಚಿ ಬಂದ್ರೆ ಏನು ಮಾಡಬೇಕು ಅಂತ ನಾನೇ ಕೇಳಿದ್ದು. ನಾಳೆ ಬರೀತೀನಿ ಅಂದ್ರು."

ಅಪ್ಪನ ಆ ನಾಳೆಗೆ ಇಷ್ಟು ದಿನ ಹಗ್ಗ ಕಟ್ಟಿಕೊಂಡು ಓಡಾಡಿದವನೊಬ್ಬ ಇದ್ದ!

"ಯಾವ ಅಂಗಡಿಗೆ ಹೋಗಿದ್ರೂ ಹಾಕಿಕೊಡ್ತಿದ್ರಲ್ಲ! ಕಲಿತು ನೀವೇ ಬರೆದುಬಿಟ್ಟಿದ್ರೆ ಪುಟ ಉಳೀತಿತ್ತು..."

"ಉಳೀತಿತ್ತು. ಆದರೆ ಆ ಜಾಗ ನಂದಲ್ಲ ಅನ್ನಿಸ್ತು. ಅವರ ಮನೆಯಿಂದ ಯಾರಾದ್ರೂ ಬರ್ತಾರೆ ಅಂತ..." ಗ್ರೀಸಿನ ಕೈಯನ್ನು ಬಟ್ಟೆಗೆ ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ. "ನೀವು ಬಂದ್ರಿ."

ಆ ಎರಡು ಪದ ಅವಳ ಎದೆಯಲ್ಲಿ ಎಲ್ಲಿ ಹೋಗಿ ಕೂತವೋ, ಅವಳಿಗೇ ತಿಳಿಯಲಿಲ್ಲ.

"ಶನಿವಾರ ಮಧ್ಯಾಹ್ನ ಮನೆಗೆ ಬನ್ನಿ," ಅಂದಳು. "ಆ ಚೀಲ ತನ್ನಿ. ಹಗ್ಗ ಬೇಡ."

ಶನಿವಾರ ಊಟದ ಮೇಜಿನ ಮೇಲೆ ಅಪ್ಪನ ಸಲಕರಣೆಯ ಪೆಟ್ಟಿಗೆ ತೆರೆದಿತ್ತು. ಅಮ್ಮ ಚಹಾ ತರುವ ನೆಪದಲ್ಲಿ ಎರಡು ಸಲ ಬಂದು ಅವನನ್ನು ನೋಡಿ ಹೋಗಿದ್ದಳು. ಮೂರನೆಯ ಸಲ ನೆಪವನ್ನೂ ಹುಡುಕಲಿಲ್ಲ.

ಚೀಲದ ತುದಿಯ ಹೊಲಿಗೆ ಬಿಚ್ಚಿದರು. ಅವಳು ಪಟ್ಟಿ ಹಿಡಿದಳು, ಅವನು ರನ್ನರ್ ಹಿಡಿದ. ಎರಡೂ ಪಟ್ಟಿಗಳ ತುದಿಯನ್ನು ಒಟ್ಟಿಗೇ ತುರುಕಿದರೆ ಒಂದು ಒಳಗೆ ಹೋಗುತ್ತಿತ್ತು, ಇನ್ನೊಂದು ಜಾರುತ್ತಿತ್ತು. ಹೋದರೂ ಡೊಂಕು. ಒಂದು ಕಡೆ ಹಲ್ಲು ಹೆಚ್ಚು, ಒಂದು ಕಡೆ ಕಡಿಮೆ.

"ಆಗ್ತಿಲ್ಲ," ಅವನು ಬೆವರು ಒರೆಸಿಕೊಂಡ.

"ತಾಳಿ..." ಅವಳು ಕಣ್ಣು ಮುಚ್ಚಿದಳು. "ಅಪ್ಪ ಹಾಕೋವಾಗ ನಾನು ನೋಡ್ತಿರಲಿಲ್ಲ. ಆದರೆ ಕೈಗೆ ಗೊತ್ತಾಗ್ತಿತ್ತು. ಮೊದಲು ಎಡಗೈಗೆ ಒಂದು ಸಣ್ಣ ಜಗ್ಗು. ಆಮೇಲೆ ಬಲಗೈಗೆ. ಒಟ್ಟಿಗೆ ಯಾವತ್ತೂ ಅಲ್ಲ! ಆಮೇಲೆ 'ಸಮ ಇದೆಯಾ?' ಅಂತ ಕೇಳೋರು. ಆಗ ಮಾತ್ರ ನಾನು ತಿರುಗಿ ನೋಡೋದು, ಹೂಂ ಅಂದ್ಮೇಲೇನೇ ಎಳೆಯೋರು."

ಅವನ ಮುಖ ಅರಳಿತು. "ಒಂದನ್ನ ಸ್ವಲ್ಪ ಕೂರಿಸಿ, ಇನ್ನೊಂದನ್ನ ಅದರ ಸಮಕ್ಕೆ ತಂದು... ಹಾಗಾದ್ರೆ ಹಿಡ್ಕೊಂಡವರೇ ನೋಡಿ ಹೇಳಬೇಕು!"

"ಹೂಂ!"

ಎಡಗೈಗೆ ಒಂದು ಜಗ್ಗು ಬಂತು.

ಬಲಗೈಗೆ ಒಂದು.

"ಸಮ ಇದೆಯಾ?" ಅವನು ಕೇಳಿದ. ಥೇಟ್ ಅದೇ ಮಾತು!

ಅವಳು ತಲೆ ಎತ್ತಿದಳು. ಅವನ ಮುಖ ಎಷ್ಟು ಹತ್ತಿರವಿತ್ತೆಂದರೆ, ಉತ್ತರ ಕೊಡಲು ಒಂದು ಕ್ಷಣ ಮರೆತೇ ಹೋಯಿತು.

"...ಹೂಂ. ಸಮ ಇದೆ."

ಸರ್ರ್ ಎಂದು ಜಿಪ್ಪು ಮುಚ್ಚಿತು.

ಅವಳು ಅತ್ತೇಬಿಟ್ಟಳು. ಅವನು ಪಕ್ಕಕ್ಕೆ ಕುರ್ಚಿ ಎಳೆದು ಕೂತ. ಬಾಗಿಲಲ್ಲಿ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ಅವರಿಗೂ ಒಬ್ಬರೇ ಹಾಕೋಕೆ ಬರ್ತಿರಲಿಲ್ಲ ಕಣಪ್ಪಾ," ಅಂದಳು. "ಬರೋದು ಅಂತ ಎಲ್ಲರ ಹತ್ತಿರ ಹೇಳ್ಕೊಳ್ತಿದ್ರು ಅಷ್ಟೇ."

ಮೂವರೂ ನಕ್ಕರು.

ತುದಿಗೆ ಮತ್ತೆ ಹೊಲಿಗೆ ಹಾಕಿ ಅವಳು ಬರೆಯಲು ಕೂತಳು. ಕೆಲಸದ ಸಾಲುಗಳನ್ನು ಅವನು ಚಿಕ್ಕದು ಮಾಡಿದ. ಮೊದಲ ಸಾಲನ್ನು ಮಾತ್ರ ಅವಳು ಮುಟ್ಟಗೊಡಲಿಲ್ಲ. 'ಒಬ್ಬರೇ ಹೆಣಗಾಡಬೇಡಿ. ಮನೆಯಲ್ಲಿ ನಿಮಗೆ ಇಷ್ಟವಾದವರನ್ನು ಕರೆದು, ಹಿಡ್ಕೋ ಅನ್ನಿ.'

ಕೊನೆಗೆ ಉಳಿದದ್ದು ಅಪ್ಪನ ಎರಡು ಪದ. 'ನಾಳೆ ಬರೆಯುತ್ತೇನೆ.' ಅದಿದ್ದರೆ ಪುಟ ಪೂರ್ತಿಯಾಗುವುದಿಲ್ಲ.

"ನೀವೇ ಕತ್ತರಿಸಿ," ಅಂದಳು.

"ನನ್ನಿಂದಾಗಲ್ಲ."

ಅವಳು ಉಸಿರು ಬಿಗಿಹಿಡಿದು ಆ ಎರಡು ಪದಗಳನ್ನು ತಾನೇ ಅಳಿಸಿದಳು. ಅಪ್ಪನ ನಾಳೆ ಇವತ್ತಾಗಿತ್ತು.

ಭಾನುವಾರದ ಸಭೆಯಲ್ಲಿ ಸುತ್ತಿಗೆ ಮೊಳೆಯ ಜಗಳವನ್ನೂ ಸೇರಿಸಿ ಎಲ್ಲ ಇತ್ಯರ್ಥವಾಯಿತು. ಪುಟದ ಮೇಲ್ಭಾಗದಲ್ಲಿ ಚಿಕ್ಕ ಸಾಲಿನ ಹಂತಗಳು. ಕೆಳಗೆ ಬರೆದವರ ಮಾತು ಅವರದೇ ದನಿಯಲ್ಲಿ, ಅದಕ್ಕೆ ಯಾರೂ ಕತ್ತರಿ ಹಾಕುವ ಹಾಗಿಲ್ಲ. ಧೂಳಿನ ಚೀಟಿ ಹೋಗಿ 'ನೋಡಿಕೊಳ್ಳುತ್ತಿರುವವರು' ಅಂತ ಹೊಸ ಚೀಟಿ. ಅಟ್ಟ ಹಾಗೇ ಇರಲಿ, ಯಾರ ಮನೆಯಿಂದ ಯಾರು ಬರುತ್ತಾರೋ! ಇನ್ನೊಂದು ನಿಯಮವನ್ನು ಕತ್ತರಿಯೇ ಮುಂದಿಟ್ಟ. ಯಾರ ಪುಟದಲ್ಲಿ ಏನು ಮಾಡಿದರೂ, ಮಾಡು ಬೇಡ ಅಂತ ಏನು ಹೇಳಿದರೂ, ಕಾರಣ ಹೇಳಲೇಬೇಕು.

ದೊಡ್ಡಮ್ಮ ಗುಂಡಿ ಒತ್ತಿದರು. ಗೋಡೆಯ ತೆರೆಯ ಮೇಲೆ ಜಿಪ್ಪಿನ ಪುಟ ಅಟ್ಟದಿಂದ ಇಳಿದು ಬಂತು. 'ಮೊದಲು ಜಿಪ್ಪಿಗೆ ಬೈಯುವುದನ್ನು ನಿಲ್ಲಿಸಿ...' ಇಡೀ ಕೋಣೆ ಚಪ್ಪಾಳೆ ತಟ್ಟಿತು.

ಎಲ್ಲರೂ ಚಹಾದ ಕಡೆ ಹೋದ ಮೇಲೆ ಅವನು ಕಿಟಕಿಯ ಹತ್ತಿರ ಅವಳ ಪಕ್ಕ ಬಂದು ನಿಂತ. ಹೆಗಲಲ್ಲಿ ಜಿಪ್ಪು ಮುಚ್ಚಿದ ಚೀಲ.

"ಪುಟ ನೋಡಿಕೊಳ್ಳೋರ ಹೊಸ ಚೀಟಿಯಲ್ಲಿ ದೊಡ್ಡಮ್ಮ ನನ್ನ ಹೆಸರೇ ಹಾಕಿದ್ದಾರೆ," ಅಂದ. "ಇನ್ನು ನೀವಿದ್ದೀರಿ. ನನ್ನದು ತೆಗೀತೀನಿ."

ಅವಳು ಅವನ ಕಣ್ಣಲ್ಲಿ ಕಣ್ಣಿಟ್ಟಳು.

"ತೆಗೆಯಬೇಡಿ."

ಅವನ ಕಿವಿ ಕೆಂಪಗಾಯಿತು. "ಕಾರಣ... ಹೇಳಬೇಕು. ನಿಯಮ."

"ಮೊದಲು ನೀವು ಹೇಳಿ. ಉದ್ದವಾಗಿ!"

ಅವನು ಕಿಟಕಿ ನೋಡಿದ, ನೆಲ ನೋಡಿದ, ಬೇರೆ ದಾರಿ ಕಾಣದೆ ಅವಳನ್ನು ನೋಡಿದ. "ನೀವು ಆವತ್ತು ಬಾಗಿಲಲ್ಲಿ ನಿಂತು ಬೈದಿರಲ್ಲ, ಆವತ್ತಿಂದ ನನಗೆ ಬಿಸ್ಕೆಟ್ ಕಂಡರೆ ನಗು ಬರುತ್ತೆ, ಲಿಫ್ಟ್ ಸರಿಮಾಡೋವಾಗ ನಿಮ್ಮ ದನಿ ಕೇಳಿಸುತ್ತೆ, ಶನಿವಾರ ಜಿಪ್ಪು ಬೇಗ ಮುಚ್ಚಿಬಿಡ್ತಲ್ಲ ಅಂತ ಬೇಜಾರಾಯ್ತು, ಮತ್ತೆ ನಾನು... ನಿಮ್ಮನ್ನ ತುಂಬಾ ಇಷ್ಟಪಡ್ತೀನಿ, ಇದರಲ್ಲಿ ಯಾವ ಪದ ಕತ್ತರಿಸಬೇಕು ಅಂತ ನನಗೆ ಗೊತ್ತಾಗ್ತಿಲ್ಲ."

"ಒಂದೂ ಬೇಡ," ಅವಳು ನಕ್ಕಳು. ಕಣ್ಣು ತುಂಬಿತ್ತು. ತೆರೆಯ ಮೇಲೆ ಅಪ್ಪನ ಪುಟ ಇನ್ನೂ ಬೆಳಗುತ್ತಿತ್ತು.

"ಈಗ ನಿಮ್ಮ ಕಾರಣ?"

ಅವಳು ಗ್ರೀಸಿನ ಕಲೆ ಹೋಗದ ಅವನ ಬೆರಳುಗಳ ಮುಂದೆ ತನ್ನ ಕೈ ಚಾಚಿದಳು.

"ಇಷ್ಟು ದಿನ ಎಲ್ಲರಿಗೂ ನಾನೇ ಹಿಡ್ಕೊಂಡೆ," ಅಂದಳು. "ಇನ್ನು ನೀವು ಹಿಡ್ಕೊಳ್ಳಿ."

ಅವನು ಹಿಡಿದುಕೊಂಡ.

"ಸಮ ಇದೆಯಾ?" ಮೆಲ್ಲಗೆ ಕೇಳಿದ.

"ಹೂಂ," ಅಂದಳು ಅವಳು.